ಅವ್ವ ಒಬ್ಬಳೇ ಮಾಡುವ ಸ್ನಾನ

ಸೊಂಟದ ಆಪರೇಷನ್ ಆದಮೇಲೆ ಅವ್ವನನ್ನು ಹಿರಿಯೂರಿನ ನಮ್ಮ ಮನೆಗೆ ಕರೆತಂದೆ. ಅವಳು ಬಿದ್ದದ್ದು ರಾಮಗಿರಿ ಹತ್ತಿರದ ನನ್ನ ತವರಿನ ಹಟ್ಟಿಯಲ್ಲಿ, ಬಚ್ಚಲಿಗೆ ಇಳಿಯುವ ಮೆಟ್ಟಿಲ ಮೇಲೆ. ಅಲ್ಲಿ ಅಣ್ಣ ಕುರಿ ಹೊಡೆದುಕೊಂಡು ಹೊರಟರೆ ಎರಡು ಮೂರು ದಿನ ಮನೆಗೆ ಬರುವುದಿಲ್ಲ, ಅತ್ತಿಗೆ ಬೆಳಗ್ಗೆಯೇ ಹೊಲಕ್ಕೆ ಹೋಗುತ್ತಾಳೆ. ಮೂರು ತಿಂಗಳು ಬಗ್ಗುವಂತಿಲ್ಲ, ಇನ್ನೊಂದು ಸಲ ಬಿದ್ದರೆ ಎದ್ದು ಓಡಾಡುವ ಆಸೆ ಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹಾಗಾಗಿ ಮೂರು ತಿಂಗಳು ನಮ್ಮಲ್ಲೇ ಇರಬೇಕು ಅಂತ ನಾನು ಹಟ ಹಿಡಿದೆ, ಅವಳೂ ಒಪ್ಪಿದಳು.

ಒಪ್ಪಿಗೆ ನಿಂತದ್ದು ಮೊದಲ ಸ್ನಾನದವರೆಗೆ ಮಾತ್ರ. ಹೊಲಿಗೆ ಬಿಚ್ಚಿದ ಮೇಲೆ ಅವಳನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಚೊಂಬು ಹಿಡಿದು ನಾನೇ ನೀರು ಹಾಕಿದೆ. ಬಗ್ಗಿ ಬಕೆಟ್ಟಿಗೆ ಕೈ ಹಾಕಲು ಅವಳಿಗೆ ಆಗುತ್ತಿರಲಿಲ್ಲವಲ್ಲ. ಎದೆಗೆ ಸೀರೆ ಅವುಚಿಕೊಂಡು ಗೋಡೆ ಕಡೆ ಮುಖ ಮಾಡಿ ಕೂತಳು. ಬೆನ್ನು ತಿಕ್ಕುವಾಗ, ಅವಳು ಸದ್ದಿಲ್ಲದೆ ಅಳುತ್ತಿದ್ದಾಳೆ ಅಂತ ಗೊತ್ತಾಯಿತು. ಹಟ್ಟಿಯ ಎಷ್ಟು ಬಾಣಂತಿಯರಿಗೆ ನೀರು ಹಾಕಿದ ಕೈ ಅದು! ಆದರೆ ತನ್ನ ಮೈಗೆ ಇನ್ನೊಬ್ಬರು ನೀರು ಹಾಕುವುದು ಮಾತ್ರ ಅವಳಿಂದ ಆಗದು. ಅದಾದ ಮೇಲೆ ನಾಲ್ಕು ದಿನ ಸ್ನಾನದ ಮಾತೆತ್ತಿದರೆ ಚಳಿ ಅಂದಳು, ತಲೆನೋವು ಅಂದಳು.

ನಮ್ಮ ಯಜಮಾನರು ಗೋಡೆಗೆ ಹಾಕುವ ಕರೆಂಟ್ ಶವರ್ ತಂದು ಪ್ಲಂಬರನ ಕೈಲಿ ಕೂರಿಸಿದರು. ಗುಂಡಿ ತಿರುಗಿಸಿದರೆ ಕೆಂಪು ದೀಪ ಹತ್ತಿ, ನೀರು ಅದರೊಳಗೇ ಕಾದು ನೇರ ಮೈಮೇಲೆ ಬೀಳುತ್ತದೆ. ಬಗ್ಗುವುದು ಬೇಡ, ಚೊಂಬು ಬೇಡ, ಮುಖ್ಯವಾಗಿ ನಾನು ಬೇಡ. ಅವ್ವ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಮಿಂದಳು. ಅವತ್ತು ಎರಡು ಮುದ್ದೆ ಉಂಡಳು.

ಎರಡು ವಾರ ಸುಖವಾಗಿತ್ತು. ಆಮೇಲೆ ಶವರಿನ ನೀರು ಸಣ್ಣಗಾಗುತ್ತಾ ಬಂತು. ನೀರಿನ ರಭಸ ಇಲ್ಲದಿದ್ದರೆ ಆ ಯಂತ್ರ ಕಾಯುವುದೇ ಇಲ್ಲ, ದೀಪ ಆರಿ ತಣ್ಣೀರು ಬರುತ್ತದೆ. ಒಂದು ದಿನ ದೀಪ ಹತ್ತುವುದು ಆರುವುದು ಮಾಡುತ್ತಾ, ನೂಲಿನಷ್ಟು ಸಣ್ಣ ಧಾರೆ ಕುದಿಕುದಿ ಬಂದು ಅವ್ವನ ಭುಜ ಕೆಂಪಗಾಯಿತು. ನಾನು ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದೆ. ಅವಳಿಗೆ ಸುಟ್ಟದ್ದಕ್ಕಿಂತ ನಾನು ನುಗ್ಗಿದ್ದಕ್ಕೇ ಹೆಚ್ಚು ನೋವಾಯಿತು.

"ಭಾನುವಾರ ನಿಮ್ಮಣ್ಣನ್ನ ಬರಾಕೇಳು. ನಾನ್ ಊರಿಗೋಗ್ತೀನಿ. ಮಗಳ ಕೈಲಿ ಮೈ ತೊಳಿಸ್ಕಂಡು ಬಾಳೋದು ನಂಗ್ ಬ್ಯಾಡ," ಅಂದಳು. ಅವಳೇ ಅಣ್ಣನಿಗೆ ಫೋನು ಮಾಡಿಸಿಯೂ ಬಿಟ್ಟಳು. ಅದೇ ಮೆಟ್ಟಿಲು, ಅದೇ ಬಚ್ಚಲು ನನ್ನ ಕಣ್ಣ ಮುಂದೆ ಬಂತು. ಅವತ್ತು ಬುಧವಾರ.

ಶವರ್ ಹಾಕಿದ ಪ್ಲಂಬರನನ್ನು ಆದಿವಾಲದಿಂದ ಕರೆಸಿದೆ. ನನ್ನದು ಮೊದಲೇ ಜೋರು ಬಾಯಿ, ಅವತ್ತು ಇನ್ನೂ ಜೋರಾಗಿತ್ತು. ಅವನು ಶವರಿನ ಜರಡಿ ಬಿಚ್ಚಿ ತೋರಿಸಿದ.

"ನೋಡಕ್ಕ, ನಮ್ ಕಡೆ ಬೋರ್ ನೀರು ಗಡಸು. ಉಪ್ಪು ಕಟ್ಕಂಡು ತೂತೆಲ್ಲ ಮುಚ್ಚವೆ."

ಹುಣಸೆಹುಳಿಯಲ್ಲಿ ನೆನೆಸಿ, ಪಿನ್ನಿನಿಂದ ಒಂದೊಂದೇ ತೂತು ಚುಚ್ಚಿ ಮತ್ತೆ ಹಾಕಿದೆವು. ಏನೂ ಆಗಲಿಲ್ಲ. ಆಗ ಅವನು ತಾರಸಿಯ ಕಡೆ ನೋಡಿ, ಟ್ಯಾಂಕು ತಗ್ಗಿನಲ್ಲಿದೆ, ಒಂದು ಸಣ್ಣ ಮೋಟರ್ ಹಾಕಿಸಿ ಅಂದ.

"ಎರಡು ವಾರ ಇದೇ ಟ್ಯಾಂಕು ನೀರು ಕೊಡ್ಲಿಲ್ವಾ? ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ! ನೀನ್ ನೆಟ್ಟಗೆ ಹಾಕಿಲ್ಲ, ಅದನ್ನೇಳು," ಅಂತ ಬೈದೆ.

ಪುಣ್ಯಾತ್ಮ ಸಿಟ್ಟಾಗಲಿಲ್ಲ. "ನಿಮ್ ಬಾಯಿಗಿರೋ ರಭಸ ಈ ಶವರಿಗಿದ್ದಿದ್ರೆ ನಾನ್ ಬರೋದೇ ಬ್ಯಾಡಾಗಿತ್ತಕ್ಕ. ಶನಿವಾರ ಸಾಮಾನು ತಗಂಡು ಬರ್ತೀನಿ," ಅಂದು ಹೋದ. ಒಳಗೆ ಅವ್ವ ನಕ್ಕದ್ದು ಕೇಳಿಸಿತು.

ಶನಿವಾರ ಬೆಳಗ್ಗೆ ಬಂದವನು ಈ ಸಲ ಶವರನ್ನು ಮುಟ್ಟಲೇ ಇಲ್ಲ. ಮೊದಲು ಬಚ್ಚಲಿನ ಕೆಳಗಿನ ನಲ್ಲಿ ಬಿಟ್ಟು ಬಕೆಟ್ ಇಟ್ಟ. ಎರಡು ನಿಮಿಷದಲ್ಲಿ ತುಂಬಿ ಚೆಲ್ಲಿತು. ಅಡಿಗೆಮನೆಯ ನಲ್ಲಿ ನೋಡಿದ, ಅದೂ ಸರಿಯಾಗಿತ್ತು.

"ನೀವಂದಿದ್ದೇ ಸರಿ ಅಕ್ಕ, ಟ್ಯಾಂಕಿಂದಲ್ಲ. ಗೋಡೆ ಪೈಪಿಗೂ ಶವರ್ ಡಬ್ಬಕ್ಕೂ ಮಧ್ಯದಾಗೆ ಏನೋ ಐತೆ," ಅಂದ.

ಅವ್ವ ವಾಕರ್ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸಿಂಕಿನ ನಲ್ಲಿಗೆ ಕಟ್ಟಿದ್ದ ಬಿಳಿ ಬಟ್ಟೆ ನೋಡಿದಳು, ಕುಡಿಯುವ ನೀರಿನ ನಲ್ಲಿಯ ಬಟ್ಟೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಏನೇ, ಮನೇಲಿರೋ ನಲ್ಲಿಗೆಲ್ಲ ಬಟ್ಟೆ ಕಟ್ಟೀಯ. ಆ ಶವರಿಗೆಲ್ಲಿ ಕಟ್ಟೀಯ?"

ಅಯ್ಯೋ ದೇವರೇ!

ಕುರಿ ಹಿಂದೆ ಹೋದ ಜನ ನಾವು. ಕೆರೆ ನೀರಾಗಲಿ ಹಳ್ಳದ ನೀರಾಗಲಿ, ಬಟ್ಟೆಯಲ್ಲಿ ಸೋಸದೆ ಅವ್ವ ನಮಗೆ ಯಾವತ್ತೂ ಕೊಟ್ಟವಳಲ್ಲ. ಆ ಅಭ್ಯಾಸ ನನಗೆ ಪೇಟೆಗೆ ಬಂದರೂ ಬಿಟ್ಟಿಲ್ಲ. ಶವರ್ ಹಾಕಿಸಿದ ದಿನ, ಪ್ಲಂಬರ್ ಹೋದ ಮೇಲೆ, ಬೋರಿನ ಮರಳು ಹೋಗಿ ಹೊಸ ಯಂತ್ರ ಕೆಟ್ಟೀತು ಅಂತ ನಾನೇ ಪೈಪಿನ ನಟ್ಟು ಬಿಚ್ಚಿ, ಹಳೇ ಪಂಚೆಯ ತುಂಡನ್ನು ಎರಡು ಮಡಿಕೆ ಮಾಡಿ ಒಳಗಿಟ್ಟು ಮತ್ತೆ ಬಿಗಿದಿದ್ದೆ. ಉಳಿದ ನಲ್ಲಿಗಳ ಬಟ್ಟೆಯನ್ನು ವಾರಕ್ಕೊಮ್ಮೆ ಬಿಚ್ಚಿ ಒಗೆಯುತ್ತೇನೆ. ಕಣ್ಣಿಗೆ ಕಾಣದ ಈ ಬಟ್ಟೆ ಮಾತ್ರ ತಲೆಯಿಂದಲೇ ಹಾರಿಹೋಗಿತ್ತು. ಊರವರನ್ನೆಲ್ಲ ಬೈದೆನೇ ಹೊರತು, ಕಾಪಾಡಲಿ ಅಂತ ಇಟ್ಟದ್ದೇ ಕೆಡಿಸುತ್ತಿರಬಹುದು ಅಂತ ಹೊಳೆಯಲೇ ಇಲ್ಲ.

ಪ್ಲಂಬರ್ ನಟ್ಟು ಬಿಚ್ಚಿ ಇಕ್ಕಳದಲ್ಲಿ ಎಳೆದ. ರಾಗಿ ಹಿಟ್ಟು ಮೆತ್ತಿದ ಹಾಗೆ ಕೆಸರು ಗಟ್ಟಿಯಾಗಿದ್ದ ತುಂಡು ಹೊರಗೆ ಬಂತು.

"ಕಂಕುಳಾಗೆ ಕೂಸಿಟ್ಕಂಡು ಊರೆಲ್ಲ ಹುಡುಕಿದ್ರಂತೆ," ಅಂದಳು ಅವ್ವ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ನಾಚಿಕೆ ನುಂಗಿಕೊಂಡು, "ತಪ್ಪಾಯ್ತು ಕಣಣ್ಣ, ಬೈದದ್ದು ಮನಸಿಗೆ ಹಚ್ಕಬ್ಯಾಡ," ಅಂದೆ. ಒಳಗೆ ತಂತಿ ಜಾಲರಿ ಮೊದಲೇ ಇದೆ, ತಿಂಗಳಿಗೊಮ್ಮೆ ತೊಳೆದರೆ ಸಾಕು ಅಂತ ಹೇಳಿಕೊಟ್ಟು, ಕಾಫಿ ಕುಡಿದು ಹೋದ.

ಹನ್ನೊಂದು ಗಂಟೆಗೆ ಅವ್ವ ಬಚ್ಚಲಿಗೆ ಹೋದಳು. ಗುಂಡಿ ತಿರುಗಿಸಿದ ಸದ್ದು, ಹಿಂದೆಯೇ ನೀರು ಬಿದ್ದ ಸದ್ದು. ಈಗ ನಿಂತೀತು, ಈಗ ನಿಂತೀತು ಅಂತ ನಾನು ಹೊರಗೆ ಎದೆ ಹಿಡಿದು ನಿಂತಿದ್ದೆ. ನಿಲ್ಲಲಿಲ್ಲ.

"ಬಾಗ್ಲತ್ರ ನಿಂತೀಯೇನೇ? ಹೋಗತ್ಲಾಗೆ!" ಅಂತ ಒಳಗಿಂದ ಗದರಿದಳು.

ಆ ಬೈಗುಳ ಕೇಳಿ ಎಷ್ಟು ಹಾಯೆನಿಸಿತೆಂದರೆ, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಅವಳು ಹೊರಗೆ ಬರುವ ಹೊತ್ತಿಗೆ ಅಣ್ಣನ ಫೋನು ಬಂತು. ನಾಳೆ ಎಷ್ಟು ಹೊತ್ತಿಗೆ ಬರಲಿ ಅಂತ ಕೇಳಿದ. ನಾನು ಫೋನನ್ನು ಅವ್ವನ ಕಿವಿಗೆ ಹಿಡಿದೆ. ಬಾಯಿ ತೆರೆದರೆ ಇರು ಅಂತ ಬೇಡಿಕೊಂಡುಬಿಡುತ್ತಿದ್ದೆ.

"ಬಾರಪ್ಪ, ಉಂಡ್ಕಂಡು ಹೋಗೀವಂತೆ," ಅಂದಳು ಅವ್ವ. "ಬರ್ತಾ ಪೆಟ್ಟಿಗೇಲಿರೋ ನನ್ ನಾಕು ಸೀರೆ ತಗಂಡ್ ಬಾ. ಇಲ್ಲಿ ದಿನಾ ಸ್ನಾನ ಮಾಡ್ತೀನಿ, ಇರೋವು ಸಾಲ್ತಿಲ್ಲ."