ಗೇರ್ ಪೆಟ್ಟಿಗೆಗೆ ಕುಸುಬೆ ಎಣ್ಣೆ

ಮೊಮ್ಮಗಳು ಹೋದ ವಾರ ಎಲ್ಲಿಂದಲೋ ಹಳೆಯ ಎರಡು ಸೀಟಿನ ಕಾರೊಂದನ್ನು ಕೊಂಡು ತಂದು ಅಂಗಳದಲ್ಲಿ ನಿಲ್ಲಿಸಿದಳು. ಮರುದಿನ ಬೆಳಿಗ್ಗೆ ನೋಡಿದರೆ ನನ್ನ ರಂಗೋಲಿಯ ಮೇಲೆ ಅಂಗೈ ಅಗಲ ಎಣ್ಣೆ. ಅವಳು ಫೋನಿನ ಬೆಳಕು ಹಿಡಿದು ಬಗ್ಗುವಷ್ಟರಲ್ಲಿ ನಾನು ಬೆರಳು ಅದ್ದಿ ಮೂಸಿ, ಇದು ಎಂಜಿನ್ನಿನದಲ್ಲ, ಗೇರಿನ ಎಣ್ಣೆ ಎಂದೆ. "ಆಯಿ, ನಿನಗ ಇದೆಲ್ಲ ಯಾರು ಕಲಿಸಿದ್ರು?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಕೊಳೆತ ಬೆಳ್ಳುಳ್ಳಿಯಂಥ ಆ ವಾಸನೆ ಮೂಗಿಗೆ ಹೋದದ್ದೇ ತಡ, ಎಪ್ಪತ್ತೈದು ವರ್ಷ ದಾಟಿದ ಸಿಟ್ಟು ಎದ್ದು ಕೂತಿತು. ಫೋನಿನಲ್ಲಿ ಬರೆಯುವುದನ್ನು ಈಚೆಗೆ ಕಲಿತಿದ್ದೇನೆ. ಒಂದೊಂದೇ ಅಕ್ಷರ ಒತ್ತುತ್ತೇನೆ, ಆದರೆ ಬಿಡುವುದಿಲ್ಲ.

ಕಲಿಸಿದವರು ಮಿಸ್ತ್ರಿ ಮಾಮಾ. ಜೇವರ್ಗಿ ಕಡೆಯವರು. ಆಳಂದದ ಬೇವಿನ ಮರದ ಕೆಳಗೆ ತಗಡಿನ ಮಾಡು ಹಾಕಿಕೊಂಡು ಗಾಡಿ ರಿಪೇರಿ ಮಾಡುತ್ತಿದ್ದರು. ಊರಿನಲ್ಲಿ ಗಾಡಿಗಳಾದರೂ ಎಷ್ಟಿದ್ದವು... ಎರಡು ಲಾರಿ, ಒಂದು ಬಸ್ಸು, ಮತ್ತೆ ಜಾಗೀರದಾರರ ಆ ಓಟದ ಕಾರು. ಹೊಸದಿದ್ದಾಗ ಯಾರೋ ಇಂಗ್ಲಿಷರವನು ಪಂದ್ಯದಲ್ಲಿ ಓಡಿಸಿದ್ದನಂತೆ. ನಮ್ಮೂರಿಗೆ ಬರುವ ಹೊತ್ತಿಗೆ ಅದಕ್ಕೆ ಸಾಕಷ್ಟು ವಯಸ್ಸಾಗಿತ್ತು, ಆದರೂ ಜಾಗೀರದಾರರು ಅದರಲ್ಲಿ ಕೂತರೆ ಮೀಸೆ ತಾನಾಗಿ ಮೇಲೇರುತ್ತಿತ್ತು. ನಮ್ಮಪ್ಪ ಅವರ ವಾಡೆಯಲ್ಲಿ ಕಾರಕೂನ. ನಮ್ಮ ಮನೆ ವಾಡೆಯ ಹಿಂದೆ. ನನಗಾಗ ಒಂಬತ್ತು ವರ್ಷ, ಊರಿನ ಚಾಡಿಯೆಲ್ಲ ನನ್ನ ಬಾಯಲ್ಲಿ.

ಅದು ನಲವತ್ತೆಂಟರ ಬೇಸಿಗೆ. ನಮ್ಮೂರು ಆಗಿನ್ನೂ ನಿಜಾಮರ ಸೀಮೆ, ಭಾರತದ ಕಡೆಯ ಗಡಿ ಬಿಗಿಯಾಗಿತ್ತು. ಗಡಿಯ ಖಜೂರಿಯ ಕಡೆಯಿಂದ ಸಾಮಾನು ಬರುತ್ತಿರಲಿಲ್ಲ. ಸೀಮೆಎಣ್ಣೆಗೇ ಪರದಾಟ, ಇನ್ನು ಗೇರಿನ ಎಣ್ಣೆಯನ್ನು ಕೇಳುವವರಾರು? ಅಂಥ ಹೊತ್ತಿನಲ್ಲಿ ಕಾರು ಸೋರತೊಡಗಿತು.

ಮಿಸ್ತ್ರಿ ಮಾಮಾ ಬಂದು ನೋಡಿ, ಮೊದಲು ಕಾರಿನ ತಳವನ್ನೆಲ್ಲ ಚಿಂದಿಯಿಂದ ಉಜ್ಜಿ ಉಜ್ಜಿ ಒರೆಸಿದರು. ಆಮೇಲೆ ನಮ್ಮ ಬಾಗಿಲಿಗೆ ಬಂದು ಅವ್ವನ ಹತ್ತಿರ ಒಂದು ಬೊಗಸೆ ಜೋಳದ ಹಿಟ್ಟು ಕೇಳಿದರು.

"ಕಾರಿಗಿ ರೊಟ್ಟಿ ಬಡೀತೀರೇನ್ರಿ?" ಎಂದಳು ಅವ್ವ.

"ಹೌದ್ರಿ ಅವ್ವಾರ, ಹಸದದ ಪಾಪ."

ಆ ಹಿಟ್ಟನ್ನು ಒಣಗಿದ ಗೇರ್ ಪೆಟ್ಟಿಗೆಯ ಮೈಮೇಲೆಲ್ಲ ಉದುರಿಸಿ, ಕಾರನ್ನು ಕೆರೆಯ ತನಕ ಓಡಿಸಿಕೊಂಡು ಬಂದರು. ನನ್ನನ್ನು ಕರೆದು ಕೆಳಗೆ ಬಗ್ಗಿ ನೋಡಲು ಹೇಳಿದರು. ಬಿಳಿ ಹಿಟ್ಟಿನ ನಡುವೆ ಹಿಂಬದಿಯಿಂದ ಒಂದು ಕಪ್ಪು ಗೆರೆ ಇಳಿದಿತ್ತು, ಕಣ್ಣೀರು ಇಳಿದ ಹಾಗೆ. ಚಕ್ರಕ್ಕೆ ಹೋಗುವ ದಂಡ ಪೆಟ್ಟಿಗೆಯಿಂದ ಹೊರಬರುವ ಕಡೆ ಒಂದು ತೊಗಲಿನ ಬಳೆ ಇರುತ್ತದೆ, ಅದು ಸವೆದಿದೆ ಎಂದರು. ಎಮ್ಮೆಯ ತೊಗಲಿನಲ್ಲಿ ಹೊಸ ಬಳೆ ಕತ್ತರಿಸಿ ನೆನೆಹಾಕಬೇಕು, ನಾಲ್ಕು ದಿನ ಬೇಕು. ಅಲ್ಲಿಯವರೆಗೆ ಕಾರು ಹೊರಗೆ ತೆಗೆಯಬಾರದು, ಬೇರೆ ಯಾವ ಎಣ್ಣೆಯನ್ನೂ ಸುರಿಯಬಾರದು ಎಂದು ಅಪ್ಪನಿಗೆ ಎರಡು ಸಲ ಹೇಳಿ ಹೋದರು. ನಾನು ಅಲ್ಲೇ ಇದ್ದೆ.

ಎರಡನೆಯ ದಿನ ಜಾಗೀರದಾರರಿಗೆ ಕರಜಗಿಯ ಬೀಗರ ಮನೆಗೆ ಹೋಗುವ ಹುಕಿ ಬಂತು. ಆಗುವುದಿಲ್ಲ ಎಂದು ಅವರ ಮುಂದೆ ನಿಂತು ಹೇಳುವ ಗಂಡಸು ನಮ್ಮಪ್ಪನಲ್ಲ. ಮನೆಗೆ ಓಡಿಬಂದು, ಕುಸುಬೆ ಎಣ್ಣೆಯ ಗಡಿಗೆ ತರಲು ನನಗೆ ಹೇಳಿದ. ತಂದುಕೊಟ್ಟೆ. ಅವ್ವನ ಇಕ್ಕಳದಿಂದ ಪೆಟ್ಟಿಗೆಯ ಬಿರಡೆ ತಿರುವಿ ತೆಗೆದು, ಒಗ್ಗರಣೆಗೆ ಇಟ್ಟ ಎಣ್ಣೆಯನ್ನೆಲ್ಲ ಅದರೊಳಗೆ ಸುರಿದ. ಎಣ್ಣೆ ಎಂದರೆ ಎಣ್ಣೆಯೇ ಎಂದುಕೊಂಡನೋ, ಹೆದರಿಕೆಯಲ್ಲಿ ಏನೂ ಅಂದುಕೊಳ್ಳಲಿಲ್ಲವೋ...

ಕರಜಗಿ ಮುಟ್ಟುವ ಮೊದಲೇ, ಅಫಜಲಪುರದ ದಾರಿಯಲ್ಲಿ ಕಾರು ನಿಂತಿತು. ತೆಳ್ಳನೆಯ ಎಣ್ಣೆ ಅರ್ಧ ಸೋರಿಹೋಗಿತ್ತು, ಉಳಿದದ್ದು ಕಾದು ಅಂಟಾಗಿ ಹಲ್ಲಿನ ಚಕ್ರಗಳನ್ನು ಹಿಡಿದುಬಿಟ್ಟಿತ್ತು. ಮರುದಿನ ಎರಡು ಎತ್ತು ಕಟ್ಟಿ ಎಳೆದು ತಂದರು. ಪೇಟೆಯ ನಡುವೆ ಎತ್ತಿನ ಹಿಂದೆ ಓಟದ ಕಾರು, ಅದರಲ್ಲಿ ಧೂಳು ತಿಂದ ಜಾಗೀರದಾರರು. ಜನ ಬಾಯಿಗೆ ಸೆರಗು, ಧೋತರದ ತುದಿ ಅಡ್ಡ ಹಿಡಿದು ನಿಂತಿದ್ದರು. ನಾನು ಜೋರಾಗಿಯೇ ನಕ್ಕೆ. ಆ ನಗುವಿಗೆ ಯಾರಾದರೂ ಬೆಲೆ ತೆರಲೇಬೇಕಿತ್ತು.

ವಾಡೆಯ ಅಂಗಳಕ್ಕೆ ಮಿಸ್ತ್ರಿ ಮಾಮಾನನ್ನು ಕರೆಸಿದರು. ಅವರು ಕಾರಿನ ಕೆಳಗೆ ಹೋಗಿ, ಹಳದಿ ಅಂಟು ಮೆತ್ತಿದ ಬೆರಳು ಹಿಡಿದು ಎದ್ದು ನಿಂತರು.

"ಸಾಹೇಬ್ರ, ಇದು ನಾ ಹಾಕಿದ್ದಲ್ರಿ. ಕುಸುಬಿ ಎಣ್ಣಿ ಅದ. ಮೂಸಿ ನೋಡ್ರಿ."

ಸಾಹೇಬರು ಮೂಸಲಿಲ್ಲ. ಅಪ್ಪನ ಕಡೆ ನೋಡಿದರು. ಅಪ್ಪ ಎಂದ: "ಬಿರಡಿ ತೆಗಿಯೋ ಪಾನಾ ಊರಾಗ ಇವರೊಬ್ಬರ ಹತ್ರಾನೇ ಅದರಿ."

"ಪಾನಾ ಹಚ್ಚಿಲ್ರಿ. ಇಕ್ಕಳದ್ದು ಹಲ್ಲ ಮೂಡ್ಯಾವ ಬಿರಡಿ ಮ್ಯಾಲ. ಒಂದೀಟು ಬಗ್ಗಿ ನೋಡ್ರಿ, ಸಾಕು."

ಅಂಗಳದಲ್ಲಿ ಹತ್ತು ಮಂದಿ ಇದ್ದರು. ಒಬ್ಬರೂ ಬಗ್ಗಲಿಲ್ಲ. ಬಗ್ಗಿದ್ದರೆ ಸಾಕಿತ್ತು. ಸೊಂಟ ಮುರಿದುಹೋಗುತ್ತಿತ್ತೇ ಇವರದ್ದು?

ಆಗ ಮಿಸ್ತ್ರಿ ಮಾಮಾ ಕಂಬಕ್ಕೆ ಆತು ನಿಂತ ನನ್ನನ್ನು ನೋಡಿದರು. ಬೇಡಿಕೊಳ್ಳುವ ದನಿಯಲ್ಲ, ತಮಾಷೆ ಮಾಡುವಾಗಿನ ದನಿಯಲ್ಲೇ ಕೇಳಿದರು: "ಏನ್ ಬೇ, ಊರ ಸುದ್ದಿ ಎಲ್ಲಾ ನಿನಗ ಗೊತ್ತಿರ್ತದ. ಈ ಎಣ್ಣಿ ಯಾರ ಮನೀದು?"

ಯಾರ ಮನೆಯ ಬೆಕ್ಕು ಯಾರ ಹಾಲು ಕುಡಿಯಿತು ಎಂದು ಬೀದಿ ಬೀದಿಗೆ ಸಾರಿದವಳು ನಾನು. ಅಪ್ಪ ನನ್ನನ್ನು ನೋಡುತ್ತಿದ್ದ. ನಾನು ಕಾಲಿನ ಬೆರಳು ನೋಡಿಕೊಂಡೆ. ಮಿಸ್ತ್ರಿ ಮಾಮಾ ಸ್ವಲ್ಪ ಹೊತ್ತು ಕಾದರು... ಆಮೇಲೆ ಬೆರಳನ್ನು ತಮ್ಮ ಅಂಗಿಗೇ ಒರೆಸಿಕೊಂಡರು.

ಇನ್ನು ಆಳಂದದಲ್ಲಿ ಯಾವ ಗಾಡಿಗೂ ಅವರು ಕೈ ಹಚ್ಚಕೂಡದು ಎಂದು ತೀರ್ಮಾನವಾಯಿತು. ಹತ್ಯಾರಗಳ ಪೆಟ್ಟಿಗೆಯನ್ನು ವಾಡೆಯಲ್ಲೇ ಇಟ್ಟುಕೊಂಡರು. ಮಿಸ್ತ್ರಿ ಕಾರು ಕೆಡಿಸಿದ ಎಂಬ ಸುದ್ದಿಯನ್ನು ಅಂಗಡಿ ಅಂಗಡಿಗೆ ಮುಟ್ಟಿಸಿ ಬಂದವನು ನಮ್ಮಪ್ಪನೇ. ಆ ಮಧ್ಯಾಹ್ನ ಅವನು ಎರಡು ರೊಟ್ಟಿ ಹೆಚ್ಚಿಗೆ ತಿಂದ. ಅವ್ವ ಗಡಿಗೆಯ ತಳ ಕೆರೆಯುತ್ತ, ಪಲ್ಯಕ್ಕೆ ಎಣ್ಣೆಯಿಲ್ಲ ಎಂದಷ್ಟೇ ಹೇಳಿದಳು. ಮಿಸ್ತ್ರಿ ಮಾಮಾ ಬರಿಗೈಯಲ್ಲಿ ಖಜೂರಿಯ ದಾರಿ ಹಿಡಿದದ್ದನ್ನು ನಾನು ಮಾಳಿಗೆಯಿಂದ ನೋಡಿದೆ. ಅದೇ ವರ್ಷ ನಿಜಾಮರ ಆಳ್ವಿಕೆ ಮುಗಿಯಿತು, ಜಾಗೀರದಾರರ ಮೀಸೆಯೂ ಇಳಿಯಿತು. ಈಗ ಬಂದಾರು, ಆಗ ಬಂದಾರು ಎಂದು ನಾನು ಬಹಳ ದಿನ ಬೇವಿನ ಮರದ ಕಡೆ ಹೋಗಿ ನೋಡುತ್ತಿದ್ದೆ. ಬರಲಿಲ್ಲ.

ಅಪ್ಪ ತೊಂಬತ್ತು ವರ್ಷ ಬಾಳಿದ. ಸತ್ತಾಗ ಊರಿನವರು ಪ್ರಾಮಾಣಿಕ ಮನುಷ್ಯ ಎಂದು ಹೊಗಳಿದರು. ನಾನು ಅಲ್ಲೂ ಸುಮ್ಮನಿದ್ದೆ. ನಿನ್ನೆ ಮಾತ್ರ, ನಮ್ಮ ಮನೆತನದವರೆಲ್ಲ ಇರುವ ಫೋನಿನ ಗುಂಪಿನಲ್ಲಿ, ಆ ಎಣ್ಣೆ ಸುರಿದದ್ದು ನಮ್ಮಪ್ಪ, ಗಡಿಗೆ ತಂದುಕೊಟ್ಟದ್ದು ನಾನು, ಮಿಸ್ತ್ರಿಯ ತಪ್ಪು ಏನೂ ಇರಲಿಲ್ಲ ಎಂದು ಬರೆದು ಹಾಕಿದೆ. ಕೂಡಲೇ ಕಲಬುರಗಿಯಿಂದ ತಮ್ಮನ ಫೋನು ಬಂತು. ಆಗ ತೊಟ್ಟಿಲಲ್ಲಿದ್ದವನು ಅವನು.

"ಯಕ್ಕಾ, ಸತ್ತವರ ಮರ್ಯಾದಿ ಯಾಕ ತೆಗಿಯಾಕತ್ತಿ?"

"ಮಿಸ್ತ್ರಿನೂ ಸತ್ತಿರ್ಬೇಕಲ್ಲೋ. ಅವರ ಮರ್ಯಾದಿ ಯಾರು ಕೊಡಬೇಕು?"

ಅವನು ಜಗಳದ ದನಿ ಬಿಟ್ಟು, ಖರೆ ತಿಳಿದುಕೊಳ್ಳುವವನ ಹಾಗೆ ಕೇಳಿದ: "ಆತು. ಅವರ ಹೆಸರರೆ ಏನು?"

ಅವರ ಹೆಸರನ್ನು ನಾನು ಯಾವತ್ತೂ ಕೇಳಿರಲೇ ಇಲ್ಲ...