ತಮ್ಮನ ಕೂಸಿಗೆ ಹೆಸರಿಟ್ಟ ದಿನ

ಎಪ್ಪತ್ತರ ದಶಕದ ಒಂದು ಚಳಿಗಾಲದಲ್ಲಿ ಅಕ್ಕಲಕೋಟೆಯ ನನ್ನ ತಮ್ಮನಿಗೆ ಮಗಳು ಹುಟ್ಟಿದಳು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು. ಅಳು ಕೇಳಬೇಕಾದರೆ ತೊಟ್ಟಿಲ ಹತ್ತಿರ ಹೋಗಬೇಕು.

ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಅವಳು ಬಾಗಿ 'ಕುರ್ರ್' ಎಂದು ಹೆಸರು ಉಸುರಿದೊಡನೆ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಗುತ್ತಾರೆ.

ನನಗೆ ಮಕ್ಕಳಿರಲಿಲ್ಲ. ಸೊಲ್ಲಾಪುರದ ನವಿ ಪೇಠಿನಲ್ಲಿ ನನ್ನ ಗಂಡನದು ಅರಿವೆ-ಬಟ್ಟೆಯ ಅಂಗಡಿ. ಓಣಿಯಲ್ಲಿ ಯಾರ ಮನೆಯ ತೊಟ್ಟಿಲ ಹತ್ತಿರಕ್ಕೂ ನನ್ನನ್ನು ಕರೆಯುತ್ತಿರಲಿಲ್ಲ. ತಮ್ಮ ಮಾತ್ರ, "ನನ್ನ ಮಗಳಿಗಿ ಹೆಸರ ಇಡಾಕಿ ನಮ್ಮಕ್ಕನ," ಎಂದು ಹಟ ಹಿಡಿದಿದ್ದ.

ಹೊರಡುವ ಮುಂಜಾನೆ ನನ್ನ ಗಂಟಲು ಕೆರೆಯುತ್ತಿತ್ತು. ಅಂಗಡಿಯಲ್ಲಿ ಎಲ್ಲರಿಗೂ ನೆಗಡಿಯಾಗಿತ್ತು. ಆದರೂ ಬಸ್ಸು ಹತ್ತಿದೆ.

ಅಕ್ಕಲಕೋಟೆಯ ಸ್ಟ್ಯಾಂಡಿನಲ್ಲಿ ತಮ್ಮ ನನ್ನ ಮುಖ ನೋಡಿದ. "ಅಕ್ಕಾ, ನೆಗಡಿ-ಗಿಗಡಿ ಏನೂ ಇಲ್ಲಲ್ಲ? ಡಾಕ್ಟರ್ ಭಾಳ ತಾಕೀತ ಮಾಡ್ಯಾರ. ಕೆಮ್ಮಿದ್ರ, ಸೀನಿದ್ರ ಸಾಕು, ಕೂಸಿಗಿ ಹತ್ತತದಂತ."

"ಇಲ್ಲೋ. ಬಸ್ಸಿನ್ಯಾಗ ಧೂಳ ಹೊಕ್ಕದ."

ನಾನು ಹಿಂದೆ ಸರಿದಿದ್ದರೆ ಅವನ ಹೆಂಡತಿಯ ಕಡೆಯವರು ಇನ್ನೊಬ್ಬಳನ್ನು ಕೂರಿಸುತ್ತಿದ್ದರು. ಬಂಜೆ ಮುಟ್ಟದಿದ್ದುದೇ ಒಳ್ಳೆಯದಾಯಿತು ಎಂದು ಪಿಸುಗುಡುತ್ತಿದ್ದರು. ಆ ಮಾತಿಗೆ ಹೆದರಿದೆ.

"ಅತ್ತಿಬಾಯೀ, ಬೆನ್ನಿಗಿ ಎಣ್ಣಿ ಹಚ್ಕೊಂಡ ಬಂದೀರಿಲ್ಲೋ?" ಎಂದು ಹೆಂಗಸರು ನಕ್ಕರು. ಬಾಣಂತಿ ಕೋಣೆಯ ಕಿಟಕಿ ಮುಚ್ಚಿತ್ತು, ಕೆಂಡದ ಹೊಗೆ. ನಾನು ಕೂಸಿನ ಕಿವಿಗೆ ಬಾಯಿ ಹಚ್ಚಿ ಹೆಸರು ಹೇಳಿದೆ. ಬೆನ್ನಿಗೆ ಗುದ್ದುಗಳು ಬಿದ್ದವು. ತಡೆದಿಟ್ಟ ಕೆಮ್ಮು ಕೂಸಿನ ಮುಖದ ಮೇಲೇ ಒಡೆಯಿತು. ಎಲ್ಲರೂ ಇನ್ನಷ್ಟು ನಕ್ಕರು.

ಕೆಲವೇ ದಿನಗಳಲ್ಲಿ ಕೂಸು ಹಾಲು ಬಿಟ್ಟಿತು. ಉಸಿರಾಡುವಾಗ ಪಕ್ಕೆ ಒಳಗೆ ಸೇದುತ್ತಿತ್ತು. ಸೊಲ್ಲಾಪುರದ ಆಸ್ಪತ್ರೆಗೆ ತಂದರು. ನಾನೂ ಓಡಿದೆ. ಮೂಗಿಗೆ ಆಕ್ಸಿಜನ್ ನಳಿಗೆ ಇಟ್ಟ ಡಾಕ್ಟರರು, "ಈ ನೆಗಡಿಗಿ ಔಷಧ ಇಲ್ರಿ. ಬೆಚ್ಚಗ ಇಟ್ಟು ಉಸಿರ ಕಾಯೋದಷ್ಟ ನಮ್ಮ ಕೈಯಾಗದ. ಮನ್ಯಾಗ ಯಾರಿಗರೆ ನೆಗಡಿ ಇತ್ತೇನು?" ಎಂದರು.

"ಇಲ್ರಿ ಸಾಹೇಬ್ರ," ಎಂದ ತಮ್ಮ.

ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದೆ. ಅಳುತ್ತಿದ್ದೇನೆ ಎಂದುಕೊಂಡು ಅವನು ನನ್ನ ತಲೆ ಸವರಿದ. ಮರುದಿನ ಕೂಸು ಹೋಯಿತು.

ಪ್ರತಿ ನಾಗರ ಪಂಚಮಿಗೂ ತಮ್ಮ ಬಂದು ನನ್ನನ್ನು ತವರಿಗೆ ಕರೆದೊಯ್ದ. ಒಮ್ಮೆಯೂ ಅದರ ಮಾತು ತೆಗೆಯಲಿಲ್ಲ.

ಕೊರೊನಾ ಬಂದ ವರ್ಷ ಟಿ.ವಿ.ಯಲ್ಲಿ ಒಬ್ಬ ಡಾಕ್ಟರು, ಸಾದಾ ನೆಗಡಿಗಳಲ್ಲಿಯೂ ಕೆಲವು ಇದೇ ಕುಲದವು, ಎಳೆಗೂಸುಗಳಿಗೆ, ಮುದುಕರಿಗೆ ಎದೆಗಿಳಿಯಬಹುದು ಎಂದರು. ನನ್ನದು ಯಾವ ನೆಗಡಿಯೋ, ಈಗ ಯಾರೂ ಹೇಳಲಾರರು. ಆ ಸಂಜೆ ತಮ್ಮನ ಫೋನು ಬಂತು. ಅವನೂ ಆ ಡಾಕ್ಟರ ಮಾತು ಕೇಳಿದ್ದ: "ಅಕ್ಕಾ, ಅವತ್ತ ಧೂಳ ಇತ್ತಲ್ಲ?"

"ಹೌದೋ, ಧೂಳ," ಎಂದೆ.

ಅವನು ಈಗಿಲ್ಲ. ಧೂಳಲ್ಲೋ ತಮ್ಮಾ.