ಬೇವಿನ ಮರದಿಂದ ಬೇವಿನ ಮರಕ್ಕೆ

ಗಾಡಿಗಾಗಿ ಕಾಯುವುದು ಬೇರೆ, ಗಾಡಿಯಲ್ಲಿ ಹೋಗುವುದು ಬೇರೆ ಎಂಬುದನ್ನು ಮಸ್ಕಿಯ ಟೆಂಪೋ ಚಾಲಕರು ಎಂದೂ ಒಪ್ಪಿದವರಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಬಸ್ ನಿಲ್ದಾಣದ ಎದುರಿನ ಬೇವಿನ ಮರದ ಕೆಳಗೆ, ಲಿಂಗಸುಗೂರಿನ ದಾರಿಗೆ ಮುಖ ಮಾಡಿ, ಅವರ ಗಾಡಿಗಳು ಇರುತ್ತಿದ್ದವು. ನಿಂತಿರುತ್ತಿದ್ದವು ಎಂದು ಬರೆಯಲು ಮನಸ್ಸು ಒಪ್ಪುವುದಿಲ್ಲ. ಎಂಜಿನ್ ಸದಾ ಗುಡುಗುಡು ಎನ್ನುತ್ತಿತ್ತು. ನಾಲ್ಕು ಜನ ಹತ್ತಿದರೆ ಗಾಡಿ ಹತ್ತು ಮಾರು ಮುಂದಕ್ಕೆ ಉರುಳುತ್ತಿತ್ತು. ಒಳಗಿದ್ದವರು ನೆಮ್ಮದಿಯಿಂದ ಸೆರಗು, ಟೋಪಿ ಸರಿಪಡಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅದು ಅಷ್ಟೇ ಗಾಂಭೀರ್ಯದಿಂದ ಹಿಂದಕ್ಕೆ ಬರುತ್ತಿತ್ತು. ಗಾಡಿ ತುಂಬುವವರೆಗೆ ಇದೇ ಸೇವೆ.

ಆ ಬೆಳಿಗ್ಗೆ ನನ್ನ ಪದವಿಯ ಕೊನೆಯ ಪತ್ರಿಕೆಯಿತ್ತು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಲೇ ಖಾಸಗಿಯಾಗಿ ಓದಿದ್ದೆ. ಪರೀಕ್ಷಾ ಕೇಂದ್ರ ಲಿಂಗಸುಗೂರಿನಲ್ಲಿ. ಗಂಟೆ ಹೊಡೆದು ಅರ್ಧ ತಾಸಾದ ಮೇಲೆ ಗೇಟು ತೆರೆಯುವುದಿಲ್ಲ. ತಪ್ಪಿದರೆ ಒಂದು ವರ್ಷ ಹೋದಂತೆಯೇ. ಸಿಂಧನೂರಿನಿಂದ ಬರುವ ಸರ್ಕಾರಿ ಬಸ್ಸಿಗಾಗಿ ನಿಂತಿದ್ದೆ. ಜೊತೆಗೆ ಬಂದಿದ್ದ ನಮ್ಮ ಮನೆಯವರಿಗೆ ನಿಲ್ಲುವುದೆಂದರೆ ಅವಮಾನ.

"ಇಲ್ಲಿ ನಿಂತ್ರ ಏನ್ ಸಿಗ್ತೈತಿ? ಅಲ್ಲಿ ಗಾಡಿ ಹೊಂಟೈತಿ ನೋಡು. ಕುಂತ್ರ ಅಷ್ಟು ದಾರಿ ಸವದಂಗ," ಎಂದವರೇ ಹೋಗಿ ಟೆಂಪೋದ ಕಿಟಕಿ ಪಕ್ಕದ ಸೀಟು ಹಿಡಿದರು. ನನ್ನ ಪ್ರವೇಶಪತ್ರವೂ ಪೆನ್ನೂ ಅವರ ಅಂಗಿಯ ಜೇಬಿನಲ್ಲಿದ್ದವು. ಹೆಂಗಸರು ಕಳೆದುಬಿಡುತ್ತಾರೆಂಬ ಮುಂಜಾಗ್ರತೆ. ಆದ್ದರಿಂದ ನಾನೂ ಹತ್ತಿದೆ.

ಟೆಂಪೋ ಮುಂದೆ ಹೋಯಿತು, ಹಿಂದೆ ಬಂತು. ಮತ್ತೊಮ್ಮೆ ಬಜಾರಿನವರೆಗೂ ಹೋಗಿ, ಇಬ್ಬರನ್ನು ಹತ್ತಿಸಿಕೊಂಡು, ಪುನಃ ಬೇವಿನ ಮರದಡಿಗೆ ಮರಳಿತು. "ಹೊಂಟೇ ಬಿಡ್ತು, ಲಿಂಗಸೂರ, ಲಿಂಗಸೂರ!" ಎಂದು ಕ್ಲೀನರ್ ಬಾಗಿಲು ಬಡಿಯುತ್ತಿದ್ದ. ನನ್ನ ಚಡಪಡಿಕೆ ಕಂಡು, ಮಡಿಲಲ್ಲಿ ಕೋಳಿ ಹಿಡಿದು ಎದುರಿಗೆ ಕೂತಿದ್ದ ಮುದುಕಿ ಸಮಾಧಾನ ಹೇಳಿದಳು: "ತಡಿಯವ್ವ, ಗಾಡಿ ಅಳ್ಳಾಡಾಕತ್ತೈತಲ್ಲ!"

ಅಲುಗಾಡುವುದೆಲ್ಲ ಪ್ರಯಾಣವಾದರೆ ತೊಟ್ಟಿಲ ಕೂಸು ಇಷ್ಟರಲ್ಲಿ ಕಾಶಿಗೆ ಹೋಗಿಬಂದಿರಬೇಕು.

ಆಗ ಸಿಂಧನೂರಿನ ಬಸ್ಸು ಬಂತು. ಬಾಗಿಲವರೆಗೂ ಜನ.

"ಇಳೀರಿ, ಬಸ್ ಬಂತು," ಎಂದೆ.

"ಹುಚ್ಚು ಹಿಡದೈತೇನು ನಿನಗ? ಅದರಾಗ ಕಾಲಿಡಾಕ ಜಾಗ ಇಲ್ಲ. ಲಿಂಗಸೂರ ತನಕ ನಿಂತ್ಕೊಂಡ ಹೋಗ್ತಿಯೇನು?"

"ಹೌದ್ರಿ, ನಿಂತ್ಕೊಂಡ ಹೋಗ್ತೀನಿ."

ಹಿಂದಿನ ಸೀಟಿನ ರುಮಾಲಿನವನಿಗೆ ನನ್ನ ಅವಿವೇಕ ಸಹಿಸಲಾಗಲಿಲ್ಲ. "ಅಕ್ಕಾರ, ಇಷ್ಟು ದೂರ ಬಂದೀವಿ. ಈಗ ಯಾರರ ಇಳೀತಾರೇನ್ರಿ?"

ನಾನು ಹೊರಗೆ ನೋಡಿದೆ. ಅದೇ ಬೇವಿನ ಮರ. ಯಾರೂ ನಗಲಿಲ್ಲ, ಗಾಡಿಯ ತುಂಬ ತಲೆಗಳು ಒಪ್ಪಿಗೆಯಿಂದ ಆಡಿದವು. ಬಾಡಿಗೆಯನ್ನಂತೂ ಇನ್ನೂ ಯಾರೂ ಕೊಟ್ಟಿರಲಿಲ್ಲ. ಅವರನ್ನು ಹಿಡಿದಿಟ್ಟಿದ್ದು ತಾವು ಆಗಲೇ ಸಾಕಷ್ಟು ಪ್ರಯಾಣ ಮಾಡಿದ್ದೇವೆಂಬ ಅಚಲ ನಂಬಿಕೆ.

ಮನೆಯವರ ಜೇಬಿಗೆ ಕೈ ಹಾಕಿ ಪ್ರವೇಶಪತ್ರ ಕಿತ್ತುಕೊಂಡು ಇಳಿದು ಓಡಿದೆ. ಪೆನ್ನು ಅಲ್ಲೇ ಉಳಿಯಿತು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು, ಯಾರದೋ ಜೋಳದ ಚೀಲದ ಮೇಲೆ ಇನ್ನೊಂದು. ನಿಂತವರಿಗೆ ಮೈಲುಗಲ್ಲುಗಳು ಬಲು ನಿಧಾನವಾಗಿ ಹಿಂದೆ ಸರಿಯುತ್ತವೆ, ಒಪ್ಪುತ್ತೇನೆ. ಆದರೆ ಸರಿಯುತ್ತವೆ.

ಗೇಟು ಮುಚ್ಚುವ ಮುನ್ನ ಒಳಹೊಕ್ಕು, ಮೇಲ್ವಿಚಾರಕರಿಂದ ಪೆನ್ನು ಬೇಡಿ ಬರೆದೆ. ಮುಗಿಸಿ ಹೊರಬಂದಾಗ ಮನೆಯವರು ಗೇಟಿನ ಬಳಿ, ಇಸ್ತ್ರಿ ಸ್ವಲ್ಪವೂ ಕೆಡದ ಅಂಗಿಯಲ್ಲಿ, ನನ್ನ ಪೆನ್ನು ಹಿಡಿದುಕೊಂಡಿದ್ದರು.

"ಯಾವಾಗ ಬಂದ್ರಿ?"

"ಬಂದು ಭಾಳ ಹೊತ್ತಾತು. ಗೇಟ್ ಹಾಕಿದ್ರು, ಪೆನ್ ಕೊಡಾಕ ಒಳಗ ಬಿಡಲಿಲ್ಲ." ಆಮೇಲೆ ನನ್ನ ಮುದ್ದೆಯಾದ ಸೀರೆಯನ್ನು ನೋಡಿ ಕನಿಕರಪಟ್ಟರು. "ಪಾಪ, ಅಲ್ಲಿಂದ ಇಲ್ಲಿ ತನಕ ನಿಂತ್ಕೊಂಡ ಬಂದಿ. ನಾ ನೋಡು, ಒಂದು ಕ್ಷಣ ನಿಂತಿಲ್ಲ."

ಪೆನ್ನನ್ನು ಇಸಿದುಕೊಂಡು ನನ್ನ ಚೀಲಕ್ಕೆ ಹಾಕಿಕೊಂಡೆ. ಮರಳುವಾಗಲೂ ನಾನು ಬಸ್ಸು ಹತ್ತಿದೆ; ಅವರು ಹೊರಡಲಿದ್ದ ಟೆಂಪೋ ಹತ್ತಿದರು. ನಾನು ಅಡುಗೆ ಮಾಡಿ, ಉಂಡು, ತಾಟು ತೊಳೆದಿಟ್ಟ ಮೇಲೆ ಮನೆ ತಲುಪಿದರು. ಒಂದಿಷ್ಟೂ ದಣಿದಿರಲಿಲ್ಲ.